ಎಳ್ಳಿಗೆ ಬಿಟ್ಟ ನೀರು

ಐರ್ಲೆಂಡಿನ ಅತ್ಲೋನ್ ಊರಿನ ನಮ್ಮ ಮನೆಯ ಬಾಗಿಲುಗಳಿಗೆ ಒಂದು ಕೆಟ್ಟ ಚಾಳಿಯಿತ್ತು. ಎಷ್ಟು ಅಗಲ ತೆರೆದು ಬಿಟ್ಟರೂ ನಿಧಾನವಾಗಿ ಬಂದು ತಾವೇ ಮುಚ್ಚಿಕೊಳ್ಳುತ್ತಿದ್ದವು. ಬೆಂಕಿ ಹತ್ತಿಕೊಂಡರೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹಬ್ಬಬಾರದೆಂದು ಮನೆ ಕಟ್ಟಿದವರು ಹಾಗೆ ಮಾಡಿದ್ದಾರೆ ಎಂದು ಅಪ್ಪ ಹೇಳಿದ್ದರು. ಬೆಂಕಿಯನ್ನು ಅವು ತಡೆಯುತ್ತವೋ ಇಲ್ಲವೋ ನೋಡುವ ಸಂದರ್ಭ ನಮಗೆ ಬರಲಿಲ್ಲ. ಮಾತನ್ನಂತೂ ಬಹಳ ಚೆನ್ನಾಗಿ ತಡೆದವು. ಲಾಕ್‌ಡೌನ್ ಬಂದಾಗ ನಾನು ಆರನೇ ಕ್ಲಾಸಿನಲ್ಲಿದ್ದೆ. ಮಹಡಿಯ ಮೂಲೆಯ ಕೋಣೆ, ಒಂದು ಮಂಚ ಹಾಕಿದರೆ ಕಾಲಿಡಲು ಜಾಗವಿಲ್ಲದ್ದು, ಅಪ್ಪನ ಆಫೀಸಾಯಿತು. ಅಡುಗೆಮನೆಯ ಮೇಜಿನ ಒಂದು ತುದಿ ಅಮ್ಮನ ಆಫೀಸು, ಇನ್ನೊಂದು ತುದಿ ನನ್ನ ಶಾಲೆ. ಅಜ್ಜಿಗೆ ಆಫೀಸೂ ಇರಲಿಲ್ಲ, ಶಾಲೆಯೂ ಇರಲಿಲ್ಲ. ಹಾಗಾಗಿ ಇಡೀ ಮನೆ ಅವಳದಾಗಿತ್ತು. ಅಜ್ಜಿ ಎಂದರೆ ಅಪ್ಪನ ತಾಯಿ. ಮಂಡ್ಯದಿಂದ ಚಳಿಗಾಲದಲ್ಲಿ ಬಂದವಳು, ಯುಗಾದಿಯ ಹೊತ್ತಿಗೆ ವಾಪಸಾಗಬೇಕಿತ್ತು. ಅಷ್ಟರಲ್ಲಿ ವಿಮಾನಗಳು ನಿಂತುಹೋದವು. ತಾತ ಅವಳ ಜೊತೆ ಬಂದಿರಲಿಲ್ಲ. ಮಂಡ್ಯದಲ್ಲಿ ಕಿರಿಮಗನ ಮನೆಯಲ್ಲಿ ಆರಾಮವಾಗಿದ್ದೇನೆ, ನಾಲೆಗೆ ನೀರು ಬಿಡುವ ಹೊತ್ತಿಗೆ ಊರಿನಲ್ಲಿಲ್ಲದಿದ್ದರೆ ಜನ ಏನಂದಾರು ಎಂದು ಹಟ ಹಿಡಿದಿದ್ದರು.

ನಮ್ಮ ಮನೆಯಲ್ಲಿ ಮೂರು ಭಾಷೆಗಳಿದ್ದವು, ಮೂರಕ್ಕೂ ಬೇರೆ ಬೇರೆ ಕೆಲಸ. ಅಜ್ಜಿಗೆ ಗೊತ್ತಾಗಬಾರದ ಮಾತನ್ನು ಅಪ್ಪ ಅಮ್ಮ ಇಂಗ್ಲಿಷಿನಲ್ಲಿ ಆಡುತ್ತಿದ್ದರು. ಎಲ್ಲರಿಗೂ ಗೊತ್ತಾಗಬೇಕಾದದ್ದನ್ನು ಕನ್ನಡದಲ್ಲಿ. ಅಜ್ಜಿಗೂ ನನಗೂ ಇಬ್ಬರಿಗೂ ತಿಳಿಯಬಾರದ್ದು ಇದ್ದರೆ ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ಕಲಿತಿದ್ದ ಹರಕು ಹಿಂದಿ ಹೊರಗೆ ಬರುತ್ತಿತ್ತು. ನನ್ನ ಹುಟ್ಟುಹಬ್ಬದ ಕೇಕು, ಅಜ್ಜಿಗೆ ತರಿಸುವ ಸೀರೆ, ಇಂಥವೆಲ್ಲ ಹಿಂದಿಯಲ್ಲಿ ತೀರ್ಮಾನವಾಗುತ್ತಿದ್ದವು. ಹಾಗಾಗಿ ಹಿಂದಿ ಕಿವಿಗೆ ಬಿದ್ದರೆ ನಾನೂ ಅಜ್ಜಿಯೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು, ಏನೋ ಒಳ್ಳೆಯದು ಬರುತ್ತಿದೆ ಎಂದು. ನಾನು ಕನ್ನಡ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಅಪ್ಪನಿಗೆ ಬಹುವಚನ, ಅಜ್ಜಿಗೆ ಏಕವಚನ ಎನ್ನುವಷ್ಟು ತಿಳಿದಿತ್ತು. ಅಜ್ಜಿ ಕನ್ನಡದಲ್ಲೇ ಕೇಳುತ್ತಿದ್ದಳು, ನಾನು ಐರಿಷ್ ಎಳೆದಾಟದ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ, ನಮ್ಮಿಬ್ಬರ ನಡುವೆ ಒಂದು ಮಾತೂ ಬಿದ್ದುಹೋಗುತ್ತಿರಲಿಲ್ಲ. ಅವಳು ಕಲಿತ ಮೊದಲ ಇಂಗ್ಲಿಷ್ ಪದ ಗ್ರ್ಯಾಂಡ್, ಚೆನ್ನಾಗಿದೆ ಎನ್ನುವುದಕ್ಕೆಲ್ಲ ಇಲ್ಲಿಯವರು ಬಳಸುವ ಮಾತು. ಪಾಲಕ್ ಸೊಪ್ಪಿನಲ್ಲಿ ಬಸ್ಸಾರು ಮಾಡಿ, ರಾಗಿಹಿಟ್ಟು ಮುಗಿದದ್ದಕ್ಕೆ ಓಟ್ಸ್ ಹಿಟ್ಟಿನಲ್ಲಿ ಮುದ್ದೆ ತಿರುವಿ, ನಾವೆಲ್ಲ ಮುಖ ಕಿವುಚಿಕೊಂಡು ನುಂಗುವಾಗ ತಾನೇ ಹೇಳಿಕೊಳ್ಳುತ್ತಿದ್ದಳು, "ಗ್ರ್ಯಾಂಡಾಗೈತೆ, ತಿನ್ನಿ."

ದಿನಾ ನಮ್ಮ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಊರಿನಲ್ಲಿ ಸಂಜೆ. ಆಗ ತಾತನಿಗೆ ಫೋನು. ಅಜ್ಜಿ ಮುಖ ತೊಳೆದು, ಕುಂಕುಮ ತೀಡಿ, ಸೆರಗು ಸರಿಮಾಡಿಕೊಂಡು ಕೂರುತ್ತಿದ್ದಳು. ಆ ಕಡೆ ತಾತ ಮಾತಾಡುವವರೇ ಅಲ್ಲ. ಅಜ್ಜಿ ತಿಂದದ್ದು, ಕಂಡದ್ದು, ಪಕ್ಕದ ಮನೆಯ ಬೆಕ್ಕು ಬಂದದ್ದು ಎಲ್ಲ ಹೇಳುವಳು. ಅವರು ಹೂಂ ಅನ್ನುವರು. ಅವಳು ಬೈದರೂ ಹೂಂ, ನಕ್ಕರೂ ಹೂಂ. ಕೊನೆಗೆ "ಆಯ್ತು, ಇಡ್ಲಾ?" ಎಂದರೆ ಅದಕ್ಕೊಂದು ಉದ್ದನೆಯ ಹೂಂ. ಇಷ್ಟಕ್ಕೆ ಅಷ್ಟೊಂದು ಸಿಂಗಾರ ಯಾಕೆಂದು ನಾನು ಕೇಳಿದರೆ ಅಜ್ಜಿ, "ಅಷ್ಟು ಸಾಕು ಕಣವ್ವ, ನಲ್ವತ್ತು ವರ್ಷ ಅದ್ರಲ್ಲೇ ಸಂಸಾರ ಮಾಡಿವ್ನಿ," ಎನ್ನುತ್ತಿದ್ದಳು.

ನಮ್ಮ ಟೀಚರ್ ಮಿಸ್ ಬ್ರೆನನ್ ಲ್ಯಾಪ್‌ಟಾಪಿನ ಚೌಕದೊಳಗಿಂದ ಎಲ್ಲರಿಗೂ ಒಂದೊಂದು ಪ್ರಾಜೆಕ್ಟ್ ಹಂಚಿದರು. ನನ್ನ ಪಾಲಿಗೆ ಬಂದದ್ದು ನದಿಗಳು ಮತ್ತು ಪ್ರಾಚೀನ ನಾಗರಿಕತೆಗಳು. ನನಗೆ ವೈಕಿಂಗರು ಬೇಕಾಗಿತ್ತು, ಹಡಗು, ಕತ್ತಿ, ಕೊಂಬಿನ ಟೊಪ್ಪಿ. ನದಿಯಲ್ಲಿ ಏನಿದೆ, ಸುಮ್ಮನೆ ಹರಿಯುತ್ತದೆ ಎಂದು ಊಟಕ್ಕೆ ಕೂತಾಗ ಮುಖ ಊದಿಸಿಕೊಂಡೆ. ಅಪ್ಪ ತಟ್ಟೆಯಿಂದ ಕೈ ತೆಗೆದರು. ಅವರ ಕೆಲಸ ಕಂಪನಿಯ ಸಾಫ್ಟ್‌ವೇರಿನ ಯಾವ ಹೊಸ ಭಾಗವನ್ನು ಯಾವತ್ತು ಬಿಡಬೇಕು, ಯಾವುದನ್ನು ತಡೆದಿಡಬೇಕು ಎಂದು ನೋಡಿಕೊಳ್ಳುವುದು. ದಿನವಿಡೀ ಮೂಲೆಯ ಕೋಣೆಯಲ್ಲಿ ಕಿವಿಗೊಂದು ಇಯರ್‌ಫೋನ್ ಸಿಕ್ಕಿಸಿಕೊಂಡು ಗೊಣಗುತ್ತಿದ್ದ ಮನುಷ್ಯ ಅವತ್ತು ಮೊದಲ ಸಲ ನನ್ನ ಶಾಲೆಯ ಮಾತಿಗೆ ಕಣ್ಣರಳಿಸಿದರು.

"ಸುಮ್ನೆ ಹರಿಯುತ್ತಾ? ಏ ಸಿಂಚು, ರಾಜ ಹುಟ್ಟಿದ್ದೇ ನದಿಯಿಂದ ಕಣೋ. ಊಟ ಮಾಡು, ಹಿತ್ತಲಿಗೆ ಹೋಗೋಣ. ತೋರಿಸ್ತೀನಿ."

ನನ್ನ ಹೆಸರು ಸಿಂಚನ. ನೀರು ಚಿಮುಕಿಸುವುದು ಎಂದು ಅರ್ಥ, ನಾಲೆ ಸೀಮೆಯ ಅಪ್ಪ ಇನ್ನೇನು ಇಟ್ಟಾರು. ಆ ವರ್ಷದ ವಸಂತ ಐರ್ಲೆಂಡಿನದೇ ಅಲ್ಲವೇನೋ ಎನ್ನುವ ಹಾಗೆ ಬಿಸಿಲಿತ್ತು. ಹಿತ್ತಲಿನ ಹುಲ್ಲನ್ನು ಒಂದು ಕಡೆ ಚಾಪೆಯಷ್ಟು ಅಗಲ ಕೆತ್ತಿ, ಬೇಲಿಯ ಕಡೆಗೆ ಇಳಿಜಾರು ಮಾಡಿ, ಅಮ್ಮನ ಸೌಟಿನಲ್ಲಿ ನದಿಗಳನ್ನು ತೋಡಿದೆವು. ಮೇಲೆ ಒಂದು ಬಕೆಟ್, ಅದರಿಂದ ಹೊರಟ ಪೈಪು ನದಿಯ ಹುಟ್ಟು. ನದಿಯ ಎರಡೂ ಕಡೆ ಬೆರಳಗಲದ ಕಾಲುವೆಗಳು, ಕಾಲುವೆಯ ಬಾಯಿಗೆ ಐಸ್‌ಕ್ರೀಮ್ ಕಡ್ಡಿಯ ತೂಬು. ಕಡ್ಡಿ ಎತ್ತಿದರೆ ನೀರು ಗದ್ದೆಗೆ, ಇಳಿಸಿದರೆ ಇಲ್ಲ. ಗದ್ದೆಯಲ್ಲಿ ಮೆಂತ್ಯ ಚೆಲ್ಲಿದ್ದೆವು. ಸಂಜೆ ಆಫೀಸು ಮುಗಿಸಿ ಅಪ್ಪ ಬಂದು ಮಂಡಿಯೂರಿ ಕೂತರೆ ಕತ್ತಲಾಗುವ ತನಕ ಏಳುತ್ತಿರಲಿಲ್ಲ. ಇಲ್ಲಿ ಆ ತಿಂಗಳಲ್ಲಿ ಕತ್ತಲೆಯೂ ಬೇಗ ಆಗುವುದಿಲ್ಲ. ಅಷ್ಟು ಹೊತ್ತು ಅಪ್ಪ ನನ್ನವರಾಗಿ ಸಿಕ್ಕದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಅವರು ಹೇಳಿದ್ದೆಲ್ಲ ಇವತ್ತಿಗೂ ನೆನಪಿದೆ. ನೈಲ್ ಉತ್ತರಕ್ಕೆ ಹರಿಯುತ್ತದೆ. ವರ್ಷಕ್ಕೊಮ್ಮೆ ಹೇಳಿಕಳಿಸಿದಂತೆ ಬಂದು, ಹೊಲದ ಮೇಲೆ ಕರಿಮಣ್ಣು ಹಾಸಿ, ಬಿತ್ತನೆಯ ಹೊತ್ತಿಗೆ ಹಿಂದೆ ಸರಿಯುತ್ತದೆ. ಯೂಫ್ರೆಟಿಸ್, ಟೈಗ್ರಿಸ್ ಅಂಥ ಸಾಧುಗಳಲ್ಲ; ಪೈರು ಕೊಯ್ಲಿಗೆ ನಿಂತಾಗ ಉಕ್ಕುತ್ತವೆ, ಬೇಕಾದಾಗ ಇರುವುದಿಲ್ಲ. ಅದಕ್ಕೇ ಅಲ್ಲಿಯವರು ಕಾಲುವೆ ತೋಡಿದರು. ಕಾಲುವೆ ಒಬ್ಬನಿಂದ ಆಗುವ ಕೆಲಸವಲ್ಲ. ವರ್ಷವರ್ಷವೂ ಹೂಳು ತೆಗೆಯಬೇಕು, ಯಾರ ಸರದಿ ಯಾವತ್ತು ಎಂದು ತೀರ್ಮಾನಿಸಬೇಕು, ಮೇಲಿನ ಗದ್ದೆಯವನು ಕೆಳಗಿನವನ ನೀರು ಕದ್ದರೆ ನ್ಯಾಯ ಹೇಳಬೇಕು. ಹೀಗೆ ಬರವಣಿಗೆ ಬಂತು, ಅಳತೆ ಬಂತು, ಕಾನೂನು ಬಂತು, ಇದನ್ನೆಲ್ಲ ನೋಡಿಕೊಳ್ಳುವ ನೆಪದಲ್ಲಿ ರಾಜನೂ ಬಂದ. ನೀರು ಹೆಚ್ಚಾಗಿ ಹಾಯಿಸಿದ ಕಡೆ ಉಪ್ಪು ಮೇಲೆದ್ದು ನೆಲ ಬೆಳ್ಳಗಾಗಿ, ಗೋಧಿ ಹೋಗಿ ಬಾರ್ಲಿ ಬಂದು, ಆಮೇಲೆ ಅದೂ ಹೋಯಿತು. ಸಿಂಧೂ ಕಣಿವೆಯವರು ಮನೆಮನೆಗೂ ಬಚ್ಚಲು ಕಟ್ಟಿದರು. ಅವರ ಬರಹವನ್ನು ಇನ್ನೂ ಯಾರೂ ಓದಿಲ್ಲ. ಐರ್ಲೆಂಡಿನಲ್ಲಿ ಯಾಕೆ ಇಂಥದ್ದೇನೂ ಆಗಲಿಲ್ಲ ಎಂದು ನಾನು ಕೇಳಿದ್ದಕ್ಕೆ, ಹಿತ್ತಲ ಬಾಗಿಲು ಮುಚ್ಚಿಕೊಳ್ಳದ ಹಾಗೆ ಬೆನ್ನು ಕೊಟ್ಟು ನಿಂತಿದ್ದ ಅಜ್ಜಿಯೇ ಉತ್ತರ ಕೊಟ್ಟಳು.

"ಇಲ್ಲಿ ದೇವ್ರು ಮೇಲಿಂದ್ಲೇ ಬಿಡ್ತಾನಲ್ಲವ್ವ. ತೂಬ್ಯಾಕೆ, ರಾಜ ಯಾಕೆ?"

ಅಪ್ಪ ಬಿದ್ದು ಬಿದ್ದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ಆ ಸಂಜೆಯ ಎಲ್ಲಕ್ಕಿಂತ ಮುಖ್ಯವಾದ ಮಾತು ಎನ್ನುವ ಹಾಗೆ ಬೆರಳೆತ್ತಿ ಹೇಳಿದರು. ಈಜಿಪ್ಟಿನ ಕೆಲವು ದೇವಸ್ಥಾನಗಳಲ್ಲಿ ನದಿಗೆ ಇಳಿಯುವ ಮೆಟ್ಟಿಲುಗಳಿದ್ದವು. ಗೋಡೆಗೆ ಗೆರೆ ಕೊರೆದಿದ್ದರು. ನೀರು ಯಾವ ಗೆರೆಗೆ ಬಂತು ಎಂದು ನೋಡಿದರೆ ಆ ವರ್ಷ ಹೊಟ್ಟೆತುಂಬ ಅನ್ನವೋ, ಉಪವಾಸವೋ, ಪ್ರವಾಹವೋ ಮೊದಲೇ ಗೊತ್ತಾಗುತ್ತಿತ್ತು. ಆದರೆ ಆ ಮೆಟ್ಟಿಲಿಳಿಯುವ ಅಧಿಕಾರ ಪೂಜಾರಿಗಳಿಗೆ ಮಾತ್ರ.

"ಗೊತ್ತಿದ್ದೂ ಜನಕ್ಕೆ ಹೇಳ್ತಿರ್ಲಿಲ್ಲ, ಸಿಂಚು. ದೇವರು ಹೇಳ್ದ ಅಂತ ತಮಗೆ ಬೇಕಾದಾಗ ಬೇಕಾದಷ್ಟು ಹೇಳೋರು. ನೀರು ಕೈಲಿರೋನಿಗಿಂತ ನೀರಿನ ಸುದ್ದಿ ಕೈಲಿರೋನು ದೊಡ್ಡೋನು. ಎಂಥಾ ಮೋಸ ನೋಡು."

"ದಟ್ಸ್ ಸೋ ಮೀನ್," ಎಂದೆ ನಾನು.

"ನಮ್ಮೂರಲ್ಲಿ ಹಂಗಿರ್ಲಿಲ್ಲ," ಎಂದಳು ಅಜ್ಜಿ. "ತೂಬು ಎತ್ತಿ ಗದ್ದೆಗ್ಳಿಗೆ ನೀರು ಬಿಡೋ ನೀರುಗಂಟಿ ಮೊದ್ಲು ಏರಿ ಮೇಲೆ ನಿಂತ್ಕಂಡು ಕೂಗು ಹಾಕೋನು. ತಗ್ಗಲ್ಲಿ ಯಾರಾದ್ರೂ ಮಕ್ಳು ಮರಿ ಇದ್ರೆ ಎದ್ದು ಬರ್ಲಿ ಅಂತ. ಕೂಗು ಹಾಕ್ದೆ ಯಾವತ್ತೂ ಬಿಡ್ತಿರ್ಲಿಲ್ಲ."

ಆಮೇಲೆ ಒಂದು ದಿನ ತಾತನಿಗೆ ಜ್ವರ ಎಂದು ಸುದ್ದಿ ಬಂತು. ಆಸ್ಪತ್ರೆಗೆ ಸೇರಿಸಿದ್ದಾರೆ, ಭಯವೇನಿಲ್ಲ ಎಂದರು. ವಿಡಿಯೋ ಕರೆ ನಿಂತು ಬರೀ ಧ್ವನಿಯ ಕರೆಯಾಯಿತು. ಕೆಲವು ದಿನ ಕಳೆದು ತಾತ ಮನೆಗೆ ಬಂದರೆಂದೂ, ಗಂಟಲು ಕೂತಿದೆ, ಡಾಕ್ಟರು ಮಾತಾಡಬಾರದು ಎಂದಿದ್ದಾರೆಂದೂ ಅಪ್ಪ ಹೇಳಿದರು. ಅಜ್ಜಿ ನಕ್ಕಳು. ಯಾವತ್ತು ಮಾತಾಡಿದ್ದರು ಅವರು, ಈಗ ಬಿಡುವುದಕ್ಕೆ? ಫೋನಿನ ಹತ್ತಿರ ಬಾಯಿಟ್ಟು ಊಟದ ಸುದ್ದಿ ಹೇಳಿದಳು, ನನ್ನ ಕಾಲುವೆಗಳ ಸುದ್ದಿ ಹೇಳಿದಳು, ಬಿಸಿನೀರು ಕುಡಿಯಿರಿ ಎಂದಳು. ಆ ಕಡೆಯಿಂದ ಹೂಂ ಬಂತು. ಸ್ವಲ್ಪ ತಡವಾಗಿ ಬಂತು, ಆದರೆ ಬಂತು. ಆ ದಿನಗಳಲ್ಲಿ ಮನೆಯಲ್ಲಿ ಹಿಂದಿ ಜಾಸ್ತಿಯಾಯಿತು. ಏನೋ ದೊಡ್ಡ ಸಂತೋಷದ ಸುದ್ದಿಯೇ ಇರಬೇಕೆಂದು ನಾನೂ ಅಜ್ಜಿಯೂ ಕಾದೆವು. ಪ್ರತಿದಿನ ಬೆಳಿಗ್ಗೆ ಅಜ್ಜಿಯ ಸ್ನಾನವಾದ ಮೇಲೆ ಅಮ್ಮ ದೇವರ ಕಪಾಟಿನಿಂದ ಕುಂಕುಮದ ಬಟ್ಟಲು ತಂದುಕೊಡುವುದು ರೂಢಿ. ಆ ದಿನಗಳಲ್ಲಿ ಮಾತ್ರ ಅಮ್ಮ ಬಟ್ಟಲನ್ನು ಅಜ್ಜಿಯ ಕೈಗೆ ಕೊಡದೆ ಮೇಜಿನ ಮೇಲಿಟ್ಟು ಹೊರಟುಬಿಡುತ್ತಿದ್ದಳು. ಕೆಲಸದ ಅವಸರ ಎಂದುಕೊಂಡೆವು.

ಒಂದು ಬೆಳಿಗ್ಗೆ ಅಪ್ಪ ನನ್ನನ್ನು ಎಬ್ಬಿಸಿದರು. ಆಗಲೇ ಚೆನ್ನಾಗಿ ಬೆಳಕಾಗಿತ್ತು, ಊರು ಮಾತ್ರ ಎದ್ದಿರಲಿಲ್ಲ. ಪಕ್ಕದ ಮಂಚದಲ್ಲಿ ಅಜ್ಜಿ ಕಣ್ಣು ಬಿಟ್ಟಳು. ಅವಳದು ಕೋಳಿನಿದ್ದೆ.

"ಪ್ರಾಜೆಕ್ಟಿಗೆ ನದಿ ನೋಡ್ಬೇಕಂತೆ ಅವ್ವ, ಇವಳಿಗೆ. ಜನ ಓಡಾಡೋಕೆ ಮುಂಚೆ ಹೋಗಿ ಬಂದ್ಬಿಡ್ತೀವಿ."

ನಾನು ಹಾಗೇನೂ ಕೇಳಿರಲಿಲ್ಲ. ಆದರೆ ಅಪ್ಪನೊಂದಿಗೆ ನಾನೊಬ್ಬಳೇ ಹೊರಗೆ ಹೋಗುವುದೆಂದರೆ, ಅದೂ ಆ ದಿನಗಳಲ್ಲಿ, ಯಾರು ಬೇಡ ಅಂದಾರು. ಅಪ್ಪ ಸ್ನಾನ ಮಾಡಿದ್ದರು. ಮಳೆಕೋಟಿನ ಕೆಳಗೆ ಬಿಳಿ ಪಂಚೆ ಉಟ್ಟಿದ್ದರು. ಅತ್ಲೋನಿನ ರಸ್ತೆಯಲ್ಲಿ ಪಂಚೆ! ನಾನು ನಗುತ್ತಾ ಯಾಕೆಂದು ಕೇಳಿದೆ.

"ನೈಲ್ ದಡದ ಜನ ಹಿಂಗೇ ಉಡ್ತಿದ್ರು ಕಣೋ. ಪ್ರಾಜೆಕ್ಟ್ ಅಂದ್ಮೇಲೆ ಸರಿಯಾಗಿ ಮಾಡ್ಬೇಕಲ್ಲ."

ಶ್ಯಾನನ್ ನದಿ ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ. ಕಟ್ಟೆ ದಾಟಿ ಸ್ವಲ್ಪ ಕೆಳಗೆ, ಬೀಗ ಹಾಕಿದ ದೋಣಿಗಳು ನಿಂತಿದ್ದ ಕಡೆ, ದಡ ತಗ್ಗಾಗಿ ನೀರಿಗೆ ಇಳಿಯುತ್ತಿತ್ತು. ಅಪ್ಪ ನನ್ನ ಕೈಗೊಂದು ಜಾಮಿನ ಬಾಟಲಿ ಕೊಟ್ಟು, ದೂರದಲ್ಲಿದ್ದ ಜೊಂಡಿನ ಹತ್ತಿರ ಹೋಗಿ ಹೂಳು ತುಂಬಿಸಿಕೊಂಡು ಬಾ ಎಂದರು. ನಾನು ತುಂಬಿಸಿ ತಿರುಗಿದಾಗ ಅವರು ಮೊಣಕಾಲುದ್ದ ನೀರಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದರು. ಕಿವಿಯಲ್ಲಿ ಎಂದಿನ ಇಯರ್‌ಫೋನು, ತುಟಿ ಆಡುತ್ತಿತ್ತು. ಇಷ್ಟು ಬೆಳಿಗ್ಗೆಯೂ ಮೀಟಿಂಗ್ ಬಿಡದಲ್ಲಾ ಎಂದು ನನಗೆ ಪಾಪ ಅನ್ನಿಸಿತು. ಬಲಗೈಯಲ್ಲಿ ಕರಿ ಎಳ್ಳು, ಅದರ ಮೇಲೆ ಅಂಗೈ ತುಂಬ ನೀರು. ಕೈಯನ್ನು ಪಕ್ಕಕ್ಕೆ ವಾಲಿಸಿ ಹೆಬ್ಬೆರಳಿನ ಕಡೆಯಿಂದ ನೀರು ಬಿಟ್ಟರು. ಮತ್ತೆ ಎಳ್ಳು, ಮತ್ತೆ ನೀರು. ದಡಕ್ಕೆ ಬಂದಾಗ ಅವರ ಕಣ್ಣು ಕೆಂಪಗಿತ್ತು. ಹೂವಿನ ಪರಾಗದ ಅಲರ್ಜಿ, ಹೇ ಫೀವರ್ ಎಂದರು.

"ವಾಟ್ ವಾಸ್ ದಟ್, ಅಪ್ಪ?"

"ಅದಾ? ಎಳ್ಳುನೀರು ಬಿಡೋದು ಅಂತಾರೆ. ಹಳೇ ಕಾಲದವರು ನದೀಲಿ ಮಾಡ್ತಿದ್ರು."

"ಫಾರ್ ದ ಕ್ರಾಪ್ಸ್?"

ಅಪ್ಪ ಒದ್ದೆ ಪಂಚೆ ಹಿಂಡಿದರು. "ಹೂಂ. ಹಂಗೇ ಅನ್ಕೋ."

ನಾನು ಹಾಗೇ ಅಂದುಕೊಂಡೆ. ಬ್ಯಾಬಿಲೋನಿನವರು ಬೇಸಿಗೆಯಲ್ಲಿ ಕಾಲುವೆಯ ನೀರಿಗೆ ಎಳ್ಳು ಬೆಳೆಯುತ್ತಿದ್ದರು, ಎಳ್ಳೆಣ್ಣೆಯಲ್ಲೇ ಅವರ ಅಡುಗೆ ಮತ್ತು ದೀಪ ಎಂದು ನಾನಾಗಲೇ ಓದಿದ್ದೆ. ಎಲ್ಲ ಸರಿಹೊಂದಿತು. ಮನೆಗೆ ಬಂದು ಡಬ್ಬಿಯಿಂದ ಒಂದು ಹಿಡಿ ಕರಿ ಎಳ್ಳು ತೆಗೆದು, ಯೂಫ್ರೆಟಿಸಿನ ಪಕ್ಕದಲ್ಲೊಂದು ಹೊಸ ಗದ್ದೆ ಮಾಡಿ, ಬಿತ್ತಿ, ಐಸ್‌ಕ್ರೀಮ್ ಕಡ್ಡಿ ಎತ್ತಿದೆ. ಅಮ್ಮ ಒಳಗೆ ಯಾರೊಂದಿಗೋ ಸ್ಕ್ರೀನಿನಲ್ಲಿ ಮಾತಾಡುತ್ತಿದ್ದಳು, ಅಪ್ಪ ಮೇಲೆ. ಅಜ್ಜಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದಳು. ಅವಳಿಗೆ ಖುಷಿಯಾಗಲೆಂದು ನಾನು ಕನ್ನಡದಲ್ಲೇ ಹೇಳಿದೆ.

"ಅಜ್ಜಿ, ನೋಡು, ನಾನು ಎಳ್ಳುನೀರು ಬಿಟ್ಟೆ."

"ಥೂ, ಬಿಡ್ತು ಅನ್ನು! ಹಂಗನ್ಬಾರ್ದು ಮಗ. ಎಳ್ಳಿಗೆ ನೀರು ಹಾಯಿಸ್ದೆ ಅನ್ಬೇಕು. ಎಳ್ಳುನೀರು ಬಿಡೋದು ಸತ್ತೋರಿಗೆ."

"ನೋ, ಇಟ್ಸ್ ಫಾರ್ ದ ರಿವರ್. ಅಪ್ಪ ಡಿಡ್ ಇಟ್."

"ಯಾರಪ್ಪ?"

"ಮೈ ಅಪ್ಪ. ಶ್ಯಾನನ್‌ನಲ್ಲಿ. ಬೆಳಿಗ್ಗೆ." ಅಜ್ಜಿಗೆ ಅರ್ಥವಾಗಲಿಲ್ಲವೇನೋ ಎಂದು ನಾನು ಎದ್ದು ನಿಂತು ಮಾಡಿ ತೋರಿಸಿದೆ. ಅಂಗೈಯಲ್ಲಿ ಎಳ್ಳು ಇಟ್ಟುಕೊಂಡೆ, ಮಗ್ಗಿನಿಂದ ನೀರು ಹಾಕಿಕೊಂಡೆ, ಕೈಯನ್ನು ವಾಲಿಸಿ ಹೆಬ್ಬೆರಳ ಕಡೆಯಿಂದ ಬಿಟ್ಟೆ.

ಆಗ ನನಗೆ ಗೊತ್ತಿರದಿದ್ದದ್ದು ಇಷ್ಟು. ತನ್ನ ತಂದೆ ಬದುಕಿರುವ ಗಂಡಸು ಎಳ್ಳುನೀರು ಬಿಡುವುದಿಲ್ಲ. ನಮ್ಮವರಲ್ಲಿ ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೇಳಿಕೊಡಬೇಕಾದ್ದೂ ಅಲ್ಲ, ಕೇಳಿ ತಿಳಿಯಬೇಕಾದ್ದೂ ಅಲ್ಲ. ಅಜ್ಜಿ ನನ್ನ ಕೈಯನ್ನೇ ನೋಡುತ್ತಿದ್ದಳು. ಮಡಿಲಲ್ಲಿದ್ದ ಬೀನ್ಸನ್ನು ಎತ್ತಿ ಪಕ್ಕಕ್ಕಿಟ್ಟಳು. ಇನ್ನೊಂದು ಸಲ ತೋರಿಸು ಎಂದಳು. ನಾನು ಸಂಭ್ರಮದಿಂದ ಇನ್ನೊಂದು ಸಲ ತೋರಿಸಿದೆ. ಅವಳು ಎದ್ದು, ನಲ್ಲಿಯಲ್ಲಿ ಕೈ ತೊಳೆದು, ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದಳು. ಏನೋ ತಪ್ಪಾಗಿದೆ ಎಂದು ನಾನೂ ಹಿಂದೆ ಹೋದೆ.

ಅವಳು ಮೂಲೆಯ ಕೋಣೆಯ ಬಾಗಿಲು ತಳ್ಳಿ, ಅದು ಮುಚ್ಚಿಕೊಳ್ಳದ ಹಾಗೆ ಕಾಲು ಅಡ್ಡ ಕೊಟ್ಟು ನಿಂತಳು. ಅಪ್ಪನ ಸ್ಕ್ರೀನಿನ ತುಂಬ ಮುಖಗಳಿದ್ದವು.

"ಯಾವತ್ತು?"

"ಏನವ್ವ? ಮೀಟಿಂಗಲ್ಲಿದೀನಿ, ಆಮೇಲೆ..."

"ನಿಮ್ಮಪ್ಪ ಹೋಗಿದ್ದು ಯಾವತ್ತು, ಮಹೇಶ?"

ಅಪ್ಪ ಒಂದು ಗುಂಡಿ ಒತ್ತಿದರು. ಲ್ಯಾಪ್‌ಟಾಪಿನೊಳಗಿಂದ ಯಾರೋ ನಗುತ್ತಾ, "ಮಹೇಶ್, ಯೂ ಆರ್ ಆನ್ ಮ್ಯೂಟ್," ಎಂದರು. ಕೆಳಗಿನಿಂದ ಅಮ್ಮ ಓಡಿಬಂದು, ನಮ್ಮನ್ನೆಲ್ಲ ನೋಡಿ, ಮುಚ್ಚಿಕೊಳ್ಳಲು ಸೆರಗಿಲ್ಲದ್ದಕ್ಕೆ ಬಾಯಿಗೆ ಅಂಗೈ ಒತ್ತಿಕೊಂಡಳು.

"ಆಸ್ಪತ್ರೇಲೇ ಅವ್ವ. ಅಮಾವಾಸ್ಯೆ ಹಿಂದಿನ ದಿನ."

ಅಜ್ಜಿ ಮನಸ್ಸಿನಲ್ಲೇ ಹಿಂದಕ್ಕೆ ಹೋಗುತ್ತಿದ್ದದ್ದು ಕಾಣುತ್ತಿತ್ತು. ಆಸ್ಪತ್ರೆ. ಆಮೇಲೆ ಮನೆಗೆ ಬಂದರು ಎಂದದ್ದು. ಆಮೇಲೆ ದಿನಾ ಫೋನು.

"ಹಂಗಾದ್ರೆ ಹೂಂ ಅಂತಿದ್ದೋರು ಯಾರು?"

ಉತ್ತರ ಕೊಟ್ಟವಳು ಅಮ್ಮ.

"ಚಂದ್ರು, ಅತ್ತೆ. ನಾನು ಬೇಡ ಬೇಡ ಅಂತ ಎಷ್ಟು ಹೇಳ್ದೆ ಕೇಳಿ ಇವರನ್ನ."

ಚಂದ್ರು ನನ್ನ ಚಿಕ್ಕಪ್ಪ. ಅಪ್ಪನ ತಮ್ಮ, ಅವಳದೇ ಹೊಟ್ಟೆಯ ಮಗ. ಗಂಡನೆಂದುಕೊಂಡು ಅಜ್ಜಿ ಹೇಳಿಕೊಂಡದ್ದನ್ನೆಲ್ಲ ದಿನಾ ಕೇಳಿಸಿಕೊಂಡು ಹೂಂ ಅಂದವನು ಅವನು.

"ಹನ್ನೊಂದನೇ ದಿನದ್ದೆಲ್ಲ ಮುಗಿಸ್ಬಿಟ್ರಾ?"

"ಆಯ್ತವ್ವ. ಪಶ್ಚಿಮವಾಹಿನೀಲಿ ಚಂದ್ರು ಎಲ್ಲ ಮಾಡ್ದ. ನಾನು ಹಿರಿಮಗ, ನನ್ನ ಕೈಯಿಂದ್ಲೂ ನೀರು ಬೀಳ್ಬೇಕು, ಹರಿಯೋ ನೀರು ಯಾವುದಾದ್ರೂ ಸರಿ ಅಂತ ಪುರೋಹಿತರು ಫೋನಲ್ಲೇ ಹೇಳಿಕೊಟ್ರು. ಅದಕ್ಕೆ ಇವತ್ತು..."

"ಹಿರಿಮಗ ಬಿಟ್ಟ. ಕಿರಿಮಗ ಬಿಟ್ಟ. ಹೆಂಡ್ತಿ ಕುಂಕುಮ ಇಟ್ಕಂಡು ಬಸ್ಸಾರು ಕುದಿಸ್ತಾ ಕೂತಿದ್ಲು."

"ನಿಂಗೆ ಬಿಪಿ ಇದೆ ಅವ್ವ. ಫ್ಲೈಟಿಲ್ಲ, ಇಲ್ಲಿ ನಮ್ಮೋರು ತಮ್ಮೋರು ಅಂತ ಯಾರೂ ಇಲ್ಲ. ಗೊತ್ತಾಗಿದ್ರೂ ನೀನು ಏನು ಮಾಡೋಕಾಗ್ತಿತ್ತು ಹೇಳು?"

"ಅಳ್ಬೋದಾಗಿತ್ತು."

ಇಷ್ಟು ಹೇಳಿ ಕಾಲು ತೆಗೆದಳು. ಬಾಗಿಲು ಅಪ್ಪನ ಮುಖದ ಮೇಲೆ ನಿಧಾನವಾಗಿ ಮುಚ್ಚಿಕೊಂಡಿತು. ಅಜ್ಜಿ ಬಚ್ಚಲಿಗೆ ಹೋಗಿ ಹಣೆ ತೊಳೆದುಕೊಂಡಳು. ಅಮ್ಮ ಹೊರಗೆ ನಿಂತು ಅತ್ತೆ, ಅತ್ತೆ ಎಂದು ಕರೆಯುತ್ತಲೇ ಇದ್ದಳು. ಆ ಸಂಜೆ ಅಪ್ಪ ಕಾಲು ಹಿಡಿಯಲು ಬಂದಾಗ ಅಜ್ಜಿ ಕಾಲನ್ನು ಮಂಚದ ಮೇಲೆ ಎಳೆದುಕೊಂಡು, "ತೂಬು ಎತ್ತೋಕೆ ಮುಂಚೆ ಕೂಗು ಹಾಕ್ಬೇಕು ಕಣಪ್ಪ. ನೀನು ಹಾಕ್ಲಿಲ್ಲ," ಎಂದಳು. ಅಲ್ಲಿಂದ ಮುಂದೆ ಅವಳು ಮಗನೊಂದಿಗೆ ನೇರವಾಗಿ ಮಾತಾಡಿದ್ದು ಬಹಳ ಕಡಿಮೆ. ಸಕ್ಕರೆ ಬೇಕಾದರೂ ನನ್ನ ಮೂಲಕ, ಮಾತ್ರೆ ಬೇಕಾದರೂ ನನ್ನ ಮೂಲಕ. ಮಂಡ್ಯದಿಂದ ಚಿಕ್ಕಪ್ಪ ಫೋನ್ ಮಾಡಿ ಅತ್ತರೆ ಇವಳು ಕೇಳಿಸಿಕೊಳ್ಳುತ್ತಿದ್ದಳು. ಹೂಂ ಅನ್ನುತ್ತಿರಲಿಲ್ಲ.

ಅಜ್ಜಿಗೆ ಆದ ದ್ರೋಹದ ಮುಂದೆ ನನಗೆ ಆದದ್ದು ಏನೂ ಅಲ್ಲ. ಆದರೆ ಅದು ನನ್ನದು, ಹಾಗಾಗಿ ಹೇಳುತ್ತೇನೆ. ಮಾರನೇ ಸಂಜೆ ಅಪ್ಪ ಏನೂ ಆಗಿಲ್ಲವೆಂಬಂತೆ ಸೌಟು ಹಿಡಿದು ಹಿತ್ತಲಿಗೆ ಬಂದು, ಬಾ ಸಿಂಚು, ಯೂಫ್ರೆಟಿಸ್ ಮುಗಿಸೋಣ ಎಂದರು. ನಾನು ಕೂತಲ್ಲಿಂದ ಏಳಲಿಲ್ಲ. ಅವರ ಮುಂದೆ ಪೂರ್ತಿ ಕನ್ನಡದಲ್ಲಿ ಒಂದು ವಾಕ್ಯ ಆಡಿದ್ದು ಅದೇ ಮೊದಲಿರಬೇಕು.

"ಅಪ್ಪ, ನನ್ನ ಯಾಕೆ ಕರ್ಕೊಂಡು ಹೋದ್ರಿ?"

"ಪ್ರಾಜೆಕ್ಟಿಗೆ ಕಣೋ..."

"ಸುಳ್ಳು."

ಅಪ್ಪ ಸೌಟನ್ನು ಮಣ್ಣಿಗೆ ಚುಚ್ಚಿ ನಿಲ್ಲಿಸಿದರು. "ಅಜ್ಜಿ ಎಚ್ಚರ ಇದ್ರೆ ಎಲ್ಲಿಗೆ ಅಂತ ಕೇಳ್ತಿದ್ಲು. ನೀನು ಜೊತೇಲಿದ್ರೆ ಕೇಳಲ್ಲ ಅಂತ."

ಎಷ್ಟು ಸರಳವಾಗಿ ಹೇಳಿಬಿಟ್ಟರು! ನಾನು ನೆಪ. ಪಂಚೆ, ನೈಲ್ ದಡದ ಜನ, ಜಾಮಿನ ಬಾಟಲಿ, ಹೇ ಫೀವರ್, ಎಲ್ಲ ನನ್ನ ಕಿವಿಯ ಮೇಲೆ ಇಟ್ಟ ಹೂವು. ಅಪ್ಪನೂ ನಾನೂ ಇಬ್ಬರೇ ನದಿಗೆ ಹೋಗಿದ್ದೆವೆಂದು ಅವತ್ತು ಅಷ್ಟೊಂದು ಬೀಗಿದ್ದೆನಲ್ಲ, ಅದು ನೆನಪಾಗಿ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದದ್ದು ಆ ಬೆರಳೆತ್ತಿ ಹೇಳಿದ ಪಾಠಕ್ಕೆ. ಗೊತ್ತಿದ್ದೂ ಜನರಿಗೆ ಹೇಳದ ಪೂಜಾರಿಗಳನ್ನು ಬೈದ ಬಾಯಿ ಅದೇ ಅಲ್ಲವೇ? ಅಪ್ಪ ಕೆಟ್ಟವರಲ್ಲ. ಆ ತಿಂಗಳು ಅವರು ತಂದೆಯನ್ನು ಕಳೆದುಕೊಂಡು, ಕೋಣೆಯಿಂದ ಹೊರಗೆ ಬರುವ ಮುಂಚೆ ದಿನಾ ಮುಖ ತೊಳೆದುಕೊಂಡು ಬರುತ್ತಿದ್ದರೆಂದು ಈಗ ನನಗೆ ತಿಳಿಯುತ್ತದೆ. ತಿಳಿಯುತ್ತದೆ, ಆದರೆ ಕರಗುವುದಿಲ್ಲ. ತಾಯಿಗೆ ಏನು ತಿಳಿಯಬೇಕು, ಯಾವಾಗ ತಿಳಿಯಬೇಕು ಎಂದು ತೀರ್ಮಾನಿಸಲು ಇವರು ಯಾರು? ಆ ಪ್ರಶ್ನೆಯನ್ನು ನಾನು ಇನ್ನೂ ನುಂಗಿಕೊಂಡಿಲ್ಲ. ಪ್ರಾಜೆಕ್ಟನ್ನು ನಾನೊಬ್ಬಳೇ ಮುಗಿಸಿದೆ. ನದಿಗಳಿಂದ ಏನು ಕಲಿತೆ ಎಂದು ಮಿಸ್ ಬ್ರೆನನ್ ಕೇಳಿದಾಗ, ಮೇಲಿರುವವರಿಗೆ ಮೊದಲು ಗೊತ್ತಾಗುತ್ತದೆ, ಅವರನ್ನು ನಂಬಬಾರದು ಎಂದೆ. ಅವರು ಗ್ರ್ಯಾಂಡ್ ಜಾಬ್ ಎಂದರು. ಮೆಂತ್ಯ ಚೆನ್ನಾಗಿ ಬಂದಿತ್ತು. ಎಳ್ಳು ಹುಟ್ಟಲಿಲ್ಲ.

ವಿಮಾನಗಳು ಮತ್ತೆ ಶುರುವಾದಾಗ ಡಬ್ಲಿನ್ನಿಗೆ ಅಜ್ಜಿಯನ್ನು ಬಿಡಲು ಹೋದೆವು. ಮಾಸ್ಕಿನ ಮೇಲೆ ಅವಳ ಕಣ್ಣಷ್ಟೇ ಕಾಣುತ್ತಿತ್ತು. ಅಪ್ಪ ಕಾಲು ಮುಟ್ಟಿದರು, ಅವತ್ತು ಅವಳು ಕಾಲು ಎಳೆದುಕೊಳ್ಳಲಿಲ್ಲ. ಅವರ ತಲೆಯ ಮೇಲೆ ಕೈಯಿಟ್ಟು, ಇಷ್ಟು ದಿನ ಬಿಟ್ಟಿದ್ದ ಮಾತನ್ನು ಆಡಿದಳು.

"ನಾನು ಹೋದಾಗ ಈ ಮಗೀಗೆ ಹೇಳು ಮಹೇಶ. ಅವತ್ತೇ ಹೇಳು. ಇಸ್ಕೂಲೈತೆ, ಪರೀಕ್ಷೆ ಐತೆ ಅಂತ ಮುಚ್ಚಿಡ್ಬ್ಯಾಡ."

"ಹೇಳ್ತೀನಿ ಅವ್ವ. ನಿನ್ನಾಣೆ," ಎಂದರು ಅಪ್ಪ.

ನಾನು ನಂಬಲಿಲ್ಲ. ವಾಪಸು ಬರುವ ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅವರ ತಲೆಯ ಹಿಂಭಾಗವನ್ನು ನೋಡುತ್ತಾ ನಂಬಲಿಲ್ಲ, ಇವತ್ತಿಗೂ ನಂಬುವುದಿಲ್ಲ. ಶಾಲೆ ಮುಗಿದು, ಕಾಲೇಜಿಗೆಂದು ನಾನು ಮನೆ ಬಿಟ್ಟು ಬೇರೆ ಊರಿಗೆ ಬಂದಿದ್ದೇನೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಮೊದಲು ಮಂಡ್ಯಕ್ಕೆ ಫೋನ್ ಮಾಡುತ್ತೇನೆ. ಈ ಕನ್ನಡ ಬರೆಯುವಷ್ಟು ಬಂದದ್ದೂ ಆ ಫೋನಿನಿಂದಲೇ. ತಮ್ಮ ಮಗಳಿಗೆ ಅಜ್ಜಿ ಎಂದರೆ ಪ್ರಾಣ, ಒಂದು ದಿನ ತಪ್ಪಿಸುವುದಿಲ್ಲ ಎಂದು ಅಪ್ಪ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ಅದು ಅಪ್ಪನ ಮೇಲಿನ ಅಪನಂಬಿಕೆಯೆಂದು ಅವರಿಗೆ ಗೊತ್ತಿಲ್ಲ. ಅಜ್ಜಿಗೆ ಗೊತ್ತು. ಫೋನ್ ಎತ್ತಿದವಳು ಹಲೋ ಅನ್ನುವುದಿಲ್ಲ, ಯಾರು ಎಂದು ಕೇಳುವುದಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಹೇಳುತ್ತಾಳೆ.

"ಇವ್ನಿ ಕಣವ್ವ. ಇನ್ನೂ ಇವ್ನಿ."